ಹೃದಯದ ಲಯದೋಷಗಳು: ಕಾರಣ ತಿಳಿದು ಚಿಕಿತ್ಸೆ

ಆರೋಗ್ಯವಂತ ವಯಸ್ಕರ ಹೃದಯವು ವಿಶ್ರಾಂತ ಸ್ಥಿತಿಯಲ್ಲಿ ನಿಮಿಷಕ್ಕೆ 60ರಿಂದ 100 ಬಾರಿ ಮಿಡಿಯುತ್ತದೆ. ದಿನವೊಂದಕ್ಕೆ ಈ ಲೆಕ್ಕವು ಸುಮಾರು ಒಂದು ಲಕ್ಷ ಮಿಡಿತಗಳಾಗುತ್ತದೆ. ಮಿಡಿತಗಳು ನಿಯತ ಕ್ರಮದಲ್ಲಿ ನಡೆಯುವುದನ್ನು ಹೃದಯದ ಲಯವೆಂದೂ, ಆ ಕ್ರಮ ಕೆಡುವುದನ್ನು ಲಯದೋಷವೆಂದೂ ಕರೆಯಲಾಗುತ್ತದೆ. ಎದೆ ಡವಡವನೆ ಹೊಡೆದುಕೊಳ್ಳುವುದು, ನಡುವೆ ಒಂದು ಮಿಡಿತ ತಪ್ಪಿದಂತೆ ಅನಿಸುವುದು, ಕಣ್ಣು ಕತ್ತಲಿಟ್ಟು ಪ್ರಜ್ಞೆ ತಪ್ಪುವುದು ಇವು ಲಯದೋಷದ ಸಾಮಾನ್ಯ ಲಕ್ಷಣಗಳು. ಇಂತಹ ದೋಷಗಳಲ್ಲಿ ಹಲವು ನಿರಪಾಯಕಾರಿಯಾದವು. ಕೆಲವು ಮಾತ್ರ ನಿಮಿಷಗಳಲ್ಲಿ ಪ್ರಾಣಕ್ಕೆ ಎರವಾಗಬಲ್ಲವು.

ಲಕ್ಷಣಗಳು ಒಂದೇ ಆಗಿ ಕಂಡರೂ ಅವುಗಳ ಮೂಲ ಒಂದೇ ಆಗಿರುವುದಿಲ್ಲ. ಹೃದಯದ ಜೀವಕೋಶಗಳಲ್ಲಿ ಯಾವ ವ್ಯವಸ್ಥೆ ಕೆಟ್ಟಿದೆ ಎಂಬುದನ್ನು ತಿಳಿದ ಬಳಿಕವೇ ಚಿಕಿತ್ಸೆಯನ್ನು ನಿರ್ಧರಿಸುವುದು ಉಚಿತ. ಒಬ್ಬರ ಪ್ರಾಣ ಉಳಿಸಿದ ಔಷಧವೇ ಮತ್ತೊಬ್ಬರಿಗೆ ಪ್ರಾಣಾಂತಕವಾದ ನಿದರ್ಶನ ವೈದ್ಯಕೀಯ ಇತಿಹಾಸದಲ್ಲಿದೆ. ಅದನ್ನು ಮೊದಲು ಗಮನಿಸೋಣ.

ಕಾಸ್ಟ್ ಪರೀಕ್ಷೆಯ ಪಾಠ

ಹೃದಯಾಘಾತದಿಂದ ಚೇತರಿಸಿಕೊಂಡ ಅನೇಕರಲ್ಲಿ, ಸಮಯಕ್ಕೆ ಮುಂಚೆಯೇ ಬರುವ ಅಕಾಲ ಮಿಡಿತಗಳು ಕಂಡುಬರುತ್ತವೆ. ಇಂತಹ ಮಿಡಿತಗಳು ಹೆಚ್ಚಾಗಿರುವವರು ಹಠಾತ್ತನೆ ಮೃತಪಡುವ ಸಂಭವವೂ ಹೆಚ್ಚು ಎಂಬುದು 1980ರ ದಶಕದ ವೇಳೆಗೆ ತಿಳಿದಿತ್ತು. ಅಂದಮೇಲೆ ಔಷಧದ ಮೂಲಕ ಈ ಮಿಡಿತಗಳನ್ನು ಅಡಗಿಸಿದರೆ ಸಾವುಗಳು ಕಡಿಮೆಯಾಗಬೇಕಷ್ಟೆ? ತರ್ಕವು ಸರಿಯಾಗಿಯೇ ಕಾಣುತ್ತಿತ್ತು. ಫ್ಲೆಕೈನೈಡ್ ಮತ್ತು ಎನ್ಕೈನೈಡ್ ಎಂಬ ಔಷಧಗಳು ಅಕಾಲ ಮಿಡಿತಗಳನ್ನು ಚೆನ್ನಾಗಿ ಅಡಗಿಸುತ್ತಿದ್ದವು.

ಈ ನಂಬಿಕೆಯನ್ನು ಒರೆಗೆ ಹಚ್ಚಲು ಅಮೆರಿಕದಲ್ಲಿ ‘ಕಾಸ್ಟ್’ ಎಂಬ ಸಂಕ್ಷಿಪ್ತ ಹೆಸರಿನ ದೊಡ್ಡ ಪರೀಕ್ಷೆಯೊಂದು ನಡೆಯಿತು. 1989ರಲ್ಲಿ ಅದರ ಮೊದಲ ಫಲಿತಾಂಶಗಳು ಪ್ರಕಟವಾದಾಗ ವೈದ್ಯಲೋಕವೇ ಬೆಚ್ಚಿತು. 1991ರಲ್ಲಿ ಪ್ರಕಟವಾದ ವಿವರಗಳಂತೆ, ಈ ಎರಡು ಔಷಧಗಳಲ್ಲಿ ಒಂದನ್ನು ಪಡೆದ 755 ರೋಗಿಗಳ ಪೈಕಿ 63 ಮಂದಿ ಮೃತಪಟ್ಟಿದ್ದರು. ಔಷಧದ ಅಂಶವಿಲ್ಲದ ಹುಸಿಗುಳಿಗೆ ಪಡೆದ 743 ಮಂದಿಯ ಪೈಕಿ ಮೃತಪಟ್ಟವರು ಕೇವಲ 26. ರೋಗಿಗಳನ್ನು ಗಮನಿಸಿದ ಅವಧಿ ಸರಾಸರಿ ಹತ್ತು ತಿಂಗಳು ಮಾತ್ರ. ಅಕಾಲ ಮಿಡಿತಗಳು ಅಡಗಿದ್ದವು; ಸಾವುಗಳು ಮಾತ್ರ ಇಮ್ಮಡಿಗಿಂತ ಹೆಚ್ಚಾಗಿದ್ದವು.

ಹೀಗೇಕಾಯಿತು? ಉತ್ತರವನ್ನು ತಿಳಿಯಲು ಹೃದಯದ ಜೀವಕೋಶದೊಳಕ್ಕೆ ಇಣುಕಿ ನೋಡಬೇಕಾಗುತ್ತದೆ.

ಜೀವಕೋಶವೆಂಬ ಕೆರೆ, ಅದರ ತೂಬುಗಳು

ಹೃದಯದ ಪ್ರತಿಯೊಂದು ಸ್ನಾಯುಕೋಶದ ಸುತ್ತಲೂ ತೆಳುವಾದ ಪೊರೆಯಿದೆ. ಪೊರೆಯ ಹೊರಗೆ ಸೋಡಿಯಂ ಮತ್ತು ಕ್ಯಾಲ್ಸಿಯಂ, ಒಳಗೆ ಪೊಟ್ಯಾಸಿಯಂ ಅಧಿಕ ಪ್ರಮಾಣದಲ್ಲಿರುತ್ತವೆ. ಇವು ವಿದ್ಯುದಾವೇಶವುಳ್ಳ ಕಣಗಳಾದುದರಿಂದ ಪೊರೆಯ ಒಳಬದಿಯು ಹೊರಬದಿಗಿಂತ ಸುಮಾರು 90 ಮಿಲಿವೋಲ್ಟಿನಷ್ಟು ಋಣಾತ್ಮಕವಾಗಿರುತ್ತದೆ. ಕೆರೆಯ ಏರಿಗೆ ತೂಬುಗಳಿರುವಂತೆ ಪೊರೆಯಲ್ಲಿ ಈ ಕಣಗಳಿಗಾಗಿ ಪ್ರತ್ಯೇಕ ದ್ವಾರಗಳಿವೆ. ಇವು ಪ್ರೋಟೀನಿನಿಂದಾದ ಅತಿಸೂಕ್ಷ್ಮ ರಚನೆಗಳು.

ಮಿಡಿತವೊಂದರಲ್ಲಿ ಈ ದ್ವಾರಗಳು ಸರದಿಯಂತೆ ತೆರೆದು ಮುಚ್ಚುತ್ತವೆ. ಮೊದಲು ಸೋಡಿಯಂ ದ್ವಾರಗಳು ತೆರೆಯುತ್ತವೆ. ಸೋಡಿಯಂ ಒಳನುಗ್ಗಿ ಜೀವಕೋಶವು ವಿದ್ಯುತ್ತಿನಿಂದ ಚೇತನಗೊಳ್ಳುತ್ತದೆ. ಅನಂತರ ಕ್ಯಾಲ್ಸಿಯಂ ಒಳಬರುತ್ತದೆ. ಜೀವಕೋಶದೊಳಗಿನ ಉಗ್ರಾಣದಲ್ಲಿ ಶೇಖರವಾಗಿರುವ ಕ್ಯಾಲ್ಸಿಯಂ ಕೂಡ ಆಗ ಬಿಡುಗಡೆಯಾಗಿ ಸ್ನಾಯು ಸಂಕುಚಿತವಾಗುತ್ತದೆ. ಕೊನೆಯಲ್ಲಿ ಪೊಟ್ಯಾಸಿಯಂ ಹೊರಹರಿದು ಜೀವಕೋಶವು ಮೊದಲಿನ ಸ್ಥಿತಿಗೆ ಮರಳುತ್ತದೆ. ಹೃತ್ಕುಕ್ಷಿಯ ಜೀವಕೋಶವೊಂದಕ್ಕೆ ಈ ಇಡೀ ಆವರ್ತನೆ ಮುಗಿಸಲು ಸುಮಾರು 0.3 ಸೆಕೆಂಡು ಸಾಕು. ಅದು ಮುಗಿಯುವವರೆಗೆ ಆ ಜೀವಕೋಶವನ್ನು ಮತ್ತೆ ಪ್ರಚೋದಿಸಲು ಸಾಧ್ಯವಾಗುವುದಿಲ್ಲ. ಈ ವಿರಾಮವು ಹೃದಯಕ್ಕೆ ಸಹಜವಾಗಿ ದೊರೆತಿರುವ ರಕ್ಷಣೆಯಾಗಿದೆ.

ಮಿಡಿತಕ್ಕೆ ಮೊದಲ ಕಿಡಿ ಹೊತ್ತಿಸುವುದು ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಸೈನಸ್ ಗಂಟು. ಇದನ್ನು 1907ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಗುರುತಿಸಿದರು. ಅಲ್ಲಿಂದ ಹೊರಟ ವಿದ್ಯುತ್ತು ದೀಪದಿಂದ ದೀಪ ಹಚ್ಚಿದಂತೆ ಜೀವಕೋಶದಿಂದ ಜೀವಕೋಶಕ್ಕೆ ಸಾಗುತ್ತದೆ. ಹೃತ್ಕರ್ಣ ಮತ್ತು ಹೃತ್ಕುಕ್ಷಿಗಳ ನಡುವಿನ ಗಂಟಿನಲ್ಲಿ ಅದು ಕ್ಷಣಕಾಲ ನಿಧಾನಿಸಿ, ಬಳಿಕ ಹೃತ್ಕುಕ್ಷಿಗಳನ್ನು ತಲುಪುತ್ತದೆ. ನಾವು ಇ.ಸಿ.ಜಿ. ಕಾಗದದಲ್ಲಿ ಕಾಣುವ ಗೆರೆಯು ಈ ಪ್ರಯಾಣದ ದಾಖಲೆಯೇ ಆಗಿದೆ.

ಲಯ ಕೆಡುವ ಬಗೆಗಳು

ಲಯ ಕೆಡಲು ಮುಖ್ಯವಾಗಿ ಮೂರು ಕಾರಣಗಳನ್ನು ಗುರುತಿಸಲಾಗಿದೆ. ಒಂದು, ಕಿಡಿ ಹೊತ್ತಿಸುವ ಜೀವಕೋಶಗಳು ತೀರ ನಿಧಾನವಾಗುವುದು ಅಥವಾ ಆ ಅಧಿಕಾರವಿಲ್ಲದ ಜೀವಕೋಶಗಳು ತಾವಾಗಿಯೇ ಕಿಡಿ ಹೊತ್ತಿಸತೊಡಗುವುದು. ಎರಡು, ಒಂದು ಮಿಡಿತ ಮುಗಿಯುವ ಮೊದಲೇ ಅಥವಾ ಮುಗಿದ ಕೂಡಲೇ ಜೀವಕೋಶದಲ್ಲಿ ಮರುಕಂಪನ ಉಂಟಾಗಿ ಅದು ಮತ್ತೊಂದು ಮಿಡಿತವನ್ನು ಎಬ್ಬಿಸುವುದು. ಮೂರು, ವಿದ್ಯುತ್ತು ಮುಂದೆ ಸಾಗಿ ನಂದಿಹೋಗುವ ಬದಲು ವರ್ತುಲಾಕಾರದಲ್ಲಿ ಸುತ್ತತೊಡಗುವುದು. ಮೊದಲನೆಯ ಬಗೆಯಲ್ಲಿ ಮಿಡಿತವು ಅಪಾಯಕಾರಿಯಾಗಿ ನಿಧಾನವಾದರೆ ಪೇಸ್‌ಮೇಕರ್ ಯಂತ್ರವು ನೆರವಿಗೆ ಬರುತ್ತದೆ. ಉಳಿದ ಎರಡನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯಕ.

ಸುತ್ತುವ ವಿದ್ಯುತ್ತು

ಇಂಗ್ಲೆಂಡಿನ ಶರೀರಕ್ರಿಯಾ ವಿಜ್ಞಾನಿ ಜಾರ್ಜ್ ರಾಲ್ಫ್ ಮೈನ್ಸ್ ಅವರು 1913 ಮತ್ತು 1914ರಲ್ಲಿ ಪ್ರಾಣಿಗಳ ಹೃದಯದಿಂದ ಉಂಗುರದಾಕಾರದಲ್ಲಿ ಕತ್ತರಿಸಿದ ಸ್ನಾಯುವಿನ ಮೇಲೆ ಪ್ರಯೋಗ ನಡೆಸಿದರು. ತಕ್ಕ ಸಮಯದಲ್ಲಿ ಪ್ರಚೋದಿಸಿದರೆ ವಿದ್ಯುತ್ತಿನ ಅಲೆಯು ಆ ಉಂಗುರದಲ್ಲಿ ಸುತ್ತುತ್ತಲೇ ಇರುವುದನ್ನೂ, ಉಂಗುರವನ್ನು ಒಂದು ಕಡೆ ಕತ್ತರಿಸಿದರೆ ಅದು ನಿಲ್ಲುವುದನ್ನೂ ಅವರು ತೋರಿಸಿಕೊಟ್ಟರು.

ದೇವಾಲಯದ ಪ್ರದಕ್ಷಿಣಾ ಪಥವನ್ನು ಕಲ್ಪಿಸಿಕೊಳ್ಳಿ. ಉದ್ದನೆಯ ಮೆರವಣಿಗೆಯೊಂದು ವೇಗವಾಗಿ ಹೊರಟರೆ ಅದರ ಮುಂಭಾಗವು ಒಂದು ಸುತ್ತು ಮುಗಿಸಿ ಬರುವಾಗ ಹಿಂಭಾಗ ಇನ್ನೂ ಬಾಗಿಲಲ್ಲೇ ಇರುತ್ತದೆ. ದಾರಿ ಸಿಗದೆ ಮೆರವಣಿಗೆ ನಿಂತುಬಿಡುತ್ತದೆ. ಸಾಕಷ್ಟು ನಿಧಾನವಾಗಿ ಬಂದರೆ ಅಷ್ಟರಲ್ಲಿ ದಾರಿ ತೆರವಾಗಿರುತ್ತದೆ. ಆಗ ಎರಡನೆಯ ಸುತ್ತು, ಮೂರನೆಯ ಸುತ್ತು ಎಂದು ಮುಂದುವರಿಯುತ್ತದೆ. ಹೃದಯದಲ್ಲಿಯೂ ಹೀಗೆಯೇ. ವಿದ್ಯುತ್ತು ಮೊದಲ ಸ್ಥಳಕ್ಕೆ ಮರಳುವ ವೇಳೆಗೆ ಅಲ್ಲಿನ ಜೀವಕೋಶಗಳು ವಿರಾಮ ಮುಗಿಸಿ ಸಿದ್ಧವಾಗಿದ್ದರೆ ಸುತ್ತು ನಿಲ್ಲುವುದಿಲ್ಲ.

ಈಗ ಕಾಸ್ಟ್ ಪರೀಕ್ಷೆಯ ಒಗಟು ಬಿಡುತ್ತದೆ. ಹೃದಯಾಘಾತವಾದ ಕಡೆ ಕಲೆಗಟ್ಟಿದ ಅಂಗಾಂಶ, ಅದರ ನಡುವೆ ಅಲ್ಲಲ್ಲಿ ಬದುಕುಳಿದ ಜೀವಕೋಶಗಳ ಎಳೆಗಳು ಇರುತ್ತವೆ. ಸುತ್ತು ಏರ್ಪಡಲು ಇದು ತಕ್ಕ ನೆಲೆ. ಫ್ಲೆಕೈನೈಡ್ ಸೋಡಿಯಂ ದ್ವಾರಗಳನ್ನು ತಡೆಯುತ್ತದೆ. ಆದುದರಿಂದ ವಿದ್ಯುತ್ತಿನ ವೇಗ ತಗ್ಗುತ್ತದೆ. ಅಕಾಲ ಮಿಡಿತಗಳು ಕಡಿಮೆಯಾದವೇನೋ ನಿಜ. ಆದರೆ ಕಲೆಯ ಸುತ್ತಲಿನ ದಾರಿಯಲ್ಲಿ ವಿದ್ಯುತ್ತು ಮತ್ತಷ್ಟು ನಿಧಾನವಾಗಿ, ಮಾರಕವಾದ ಸುತ್ತುಗಳು ನೆಲೆಯೂರಲು ಅನುಕೂಲವಾಯಿತು. ಅಂದಿನಿಂದ ಹೃದಯಾಘಾತವಾದವರಿಗೆ ಈ ವರ್ಗದ ಔಷಧವನ್ನು ನೀಡುವುದನ್ನು ವೈದ್ಯರು ವರ್ಜಿಸಿದ್ದಾರೆ.

ಸುತ್ತಿನ ದಾರಿ ಎಲ್ಲಿದೆ ಎಂಬುದು ತಿಳಿದರೆ ಅದನ್ನು ಕಡಿದುಹಾಕಲೂ ಸಾಧ್ಯ. ಕೆಲವರಲ್ಲಿ ಹೃತ್ಕರ್ಣ ಮತ್ತು ಹೃತ್ಕುಕ್ಷಿಗಳ ನಡುವೆ ಹುಟ್ಟಿನಿಂದಲೇ ಹೆಚ್ಚುವರಿ ಸ್ನಾಯುಸೇತುವೆಯೊಂದು ಇರುತ್ತದೆ. ಇದನ್ನು 1930ರಲ್ಲಿ ವಿವರಿಸಿದ ಮೂವರ ಹೆಸರಿನಿಂದ ವುಲ್ಫ್–ಪಾರ್ಕಿನ್ಸನ್–ವೈಟ್ ದೋಷವೆಂದು ಕರೆಯುತ್ತಾರೆ. ತೊಡೆಯ ರಕ್ತನಾಳದ ಮೂಲಕ ತೆಳುವಾದ ತಂತಿಯನ್ನು ಹೃದಯಕ್ಕೆ ಕಳುಹಿಸಿ, ರೇಡಿಯೋ ತರಂಗಗಳ ಶಾಖದಿಂದ ಆ ಸೇತುವೆಯನ್ನು ಸುಡುವ ಅಬ್ಲೇಶನ್ ಚಿಕಿತ್ಸೆ 1990ರ ದಶಕದಿಂದ ಬಳಕೆಗೆ ಬಂದಿದೆ. ನೂರರಲ್ಲಿ 90ಕ್ಕೂ ಹೆಚ್ಚು ಮಂದಿಗೆ ಇದರಿಂದ ದೋಷ ನಿವಾರಣೆಯಾಗುತ್ತದೆ. ಇದೇ ರೋಗಿಗಳಲ್ಲಿ ಹೃತ್ಕರ್ಣವು ಅಡ್ಡಾದಿಡ್ಡಿಯಾಗಿ ಕಂಪಿಸತೊಡಗಿದಾಗ ವೆರಾಪಮಿಲ್ ಎಂಬ ಔಷಧ ನೀಡಿದರೆ ಅಪಾಯ. ಅದು ಕ್ಯಾಲ್ಸಿಯಂ ದ್ವಾರಗಳನ್ನು ಅವಲಂಬಿಸಿದ ನಡುವಿನ ಗಂಟನ್ನು ತಡೆಯುತ್ತದೆಯೇ ಹೊರತು ಹೆಚ್ಚುವರಿ ಸೇತುವೆಯನ್ನಲ್ಲ. ಗಂಟಿನೊಳಗೇ ಸುತ್ತುವ ಸಾಮಾನ್ಯ ಲಯದೋಷಕ್ಕೆ ಅದೇ ವೆರಾಪಮಿಲ್ ಉತ್ತಮ ಔಷಧ.

ಹೃತ್ಕರ್ಣದ ಕಂಪನದ ಬಗ್ಗೆಯೂ ಒಂದು ಮಾತು. ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಹೈಸಾಗೇರ್ ಮತ್ತು ಸಂಗಡಿಗರು, ಅನೇಕ ರೋಗಿಗಳಲ್ಲಿ ಈ ಕಂಪನವನ್ನು ಎಬ್ಬಿಸುವ ಕಿಡಿಗಳು ಶ್ವಾಸಕೋಶದಿಂದ ಹೃದಯಕ್ಕೆ ಬರುವ ರಕ್ತನಾಳಗಳ ಬಾಯಿಯಲ್ಲಿ ಹುಟ್ಟುತ್ತವೆಂದು 1998ರಲ್ಲಿ ತೋರಿಸಿದರು. ಆ ನಾಳಗಳನ್ನು ವಿದ್ಯುತ್ತಿನ ದೃಷ್ಟಿಯಿಂದ ಪ್ರತ್ಯೇಕಿಸುವ ಚಿಕಿತ್ಸೆ ಇದರ ಫಲ. ಆದರೆ ನಮ್ಮ ದೇಶದಲ್ಲಿ ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕವಾಟ ಕಿರಿದಾಗಿ, ಹೃತ್ಕರ್ಣ ಹಿಗ್ಗಿ, ಕಲೆಗಟ್ಟಿ ಕಂಪನಕ್ಕೆ ತುತ್ತಾದವರು ಬಹಳ ಮಂದಿ. ಇವರಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯದಂತೆ ತಡೆಯುವ ಔಷಧದ ಆಯ್ಕೆಯೂ ಬೇರೆ. 4,500ಕ್ಕೂ ಹೆಚ್ಚು ರುಮ್ಯಾಟಿಕ್ ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ, ಹೊಸ ಔಷಧವಾದ ರಿವರಾಕ್ಸಬಾನಿಗಿಂತ ವಾರ್ಫರಿನ್ ವರ್ಗದ ಹಳೆಯ ಔಷಧಗಳನ್ನು ಪಡೆದವರಲ್ಲಿಯೇ ಸಾವುಗಳು ಕಡಿಮೆಯಾಗಿದ್ದವು. ಪರಿಚಿತರು ಸೇವಿಸುತ್ತಿರುವ ಹೊಸ ಗುಳಿಗೆಯನ್ನು ಕಂಡು ತಮ್ಮ ಔಷಧವನ್ನು ಬದಲಿಸುವುದು ಸಲ್ಲದು ಎಂಬುದಕ್ಕೆ ಇದೊಂದು ಉದಾಹರಣೆ.

ದ್ವಾರದ ದೋಷ, ಮನೆತನದ ದೋಷ

ಕೆಲವು ಮನೆತನಗಳಲ್ಲಿ ದ್ವಾರಗಳ ರಚನೆಯಲ್ಲಿಯೇ ಹುಟ್ಟಿನಿಂದ ದೋಷವಿರುತ್ತದೆ. ಮಿಡಿತದ ಬಳಿಕ ಜೀವಕೋಶವು ಮೊದಲಿನ ಸ್ಥಿತಿಗೆ ಮರಳಲು ಅಧಿಕ ಸಮಯ ತೆಗೆದುಕೊಳ್ಳುತ್ತದೆ. ಇ.ಸಿ.ಜಿ.ಯಲ್ಲಿ ‘ಕ್ಯೂಟಿ’ ಎಂಬ ಅಂತರ ಉದ್ದವಾಗಿ ಕಾಣುವುದರಿಂದ ಇದಕ್ಕೆ ದೀರ್ಘ ಕ್ಯೂಟಿ ದೋಷವೆಂದು ಹೆಸರು. ಈ ವಿಳಂಬದ ಅವಧಿಯಲ್ಲಿ ಮರುಕಂಪನಗಳುಂಟಾಗಿ ಹೃದಯವು ಹುಚ್ಚು ವೇಗದಲ್ಲಿ ಹೊಡೆದುಕೊಂಡು, ರೋಗಿ ಪ್ರಜ್ಞೆ ತಪ್ಪಬಹುದು ಅಥವಾ ಮರಣಿಸಬಹುದು.

1995 ಮತ್ತು 1996ರಲ್ಲಿ ಇದಕ್ಕೆ ಕಾರಣವಾದ ಮುಖ್ಯ ಜೀನುಗಳು ಪತ್ತೆಯಾದ ಮೇಲೆ ಒಂದು ಸೋಜಿಗದ ಸಂಗತಿ ಸ್ಪಷ್ಟವಾಯಿತು. ಯಾವ ದ್ವಾರ ಕೆಟ್ಟಿದೆ ಎಂಬುದಕ್ಕೆ ತಕ್ಕಂತೆ ಅಪಾಯದ ಗಳಿಗೆಯೂ ಬದಲಾಗುತ್ತದೆ. ಮೊದಲ ಬಗೆಯಲ್ಲಿ, ಶ್ರಮದ ವೇಳೆ ಚುರುಕಾಗಬೇಕಾದ ಪೊಟ್ಯಾಸಿಯಂ ದ್ವಾರ ಕೆಟ್ಟಿರುತ್ತದೆ. ಇಂತಹವರು ಓಡುವಾಗ, ವಿಶೇಷವಾಗಿ ಈಜುವಾಗ, ಪ್ರಜ್ಞೆ ತಪ್ಪುತ್ತಾರೆ. ಎರಡನೆಯ ಬಗೆಯಲ್ಲಿ ಮತ್ತೊಂದು ಪೊಟ್ಯಾಸಿಯಂ ದ್ವಾರ ಕೆಟ್ಟಿದ್ದು, ಗಡಿಯಾರದ ಅಲಾರಂ ಅಥವಾ ದೂರವಾಣಿಯ ಹಠಾತ್ ಸದ್ದೇ ಆಘಾತಕ್ಕೆ ಕಾರಣವಾಗಬಹುದು. ಮೂರನೆಯ ಬಗೆಯಲ್ಲಿ ಸೋಡಿಯಂ ದ್ವಾರವು ಪೂರ್ತಿಯಾಗಿ ಮುಚ್ಚದೆ ಸೋರುತ್ತಿರುತ್ತದೆ. ಇವರಿಗೆ ವಿಶ್ರಾಂತಿ ಮತ್ತು ನಿದ್ರೆಯ ಹೊತ್ತೇ ಅಪಾಯದ ಹೊತ್ತು.

ಚಿಕಿತ್ಸೆಯೂ ಇದನ್ನನುಸರಿಸಿದೆ. ಅಡ್ರಿನಲಿನ್ ಪ್ರಭಾವವನ್ನು ತಗ್ಗಿಸುವ ಪ್ರೊಪ್ರನಲಾಲ್ ಮೊದಲಾದ ಬೀಟಾ ತಡೆಗಳು ಮೊದಲ ಬಗೆಯವರಿಗೆ ಅತ್ಯಂತ ಉಪಯುಕ್ತ. ಎರಡನೆಯ ಬಗೆಯವರು ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ಮಲಗುವ ಕೋಣೆಯಲ್ಲಿ ಅಲಾರಂ ಇಡಬಾರದು. ಮೂರನೆಯ ಬಗೆಯಲ್ಲಿ ಸೋರುವ ಸೋಡಿಯಂ ದ್ವಾರವನ್ನು ತಡೆಯುವ ಮೆಕ್ಸಿಲೆಟಿನ್ ಔಷಧವನ್ನು ಸೇರಿಸಲಾಗುತ್ತದೆ. ಅಪಾಯ ಹೆಚ್ಚಿರುವವರಿಗೆ, ಹೃದಯ ಕಂಪಿಸಿದಾಗ ತಾನಾಗಿಯೇ ವಿದ್ಯುತ್ ಆಘಾತ ನೀಡಿ ಲಯವನ್ನು ಸರಿಪಡಿಸುವ ಯಂತ್ರವನ್ನು ದೇಹದಲ್ಲಿ ಅಳವಡಿಸುತ್ತಾರೆ. ಇಂತಹ ಯಂತ್ರವನ್ನು ಮನುಷ್ಯನಿಗೆ ಮೊದಲು ಅಳವಡಿಸಿದ್ದು 1980ರಲ್ಲಿ.

1957ರಲ್ಲಿ ನಾರ್ವೆಯ ಯೆರ್ವೆಲ್ ಮತ್ತು ಲಾಂಗೆ–ನೀಲ್ಸನ್ ಎಂಬ ವೈದ್ಯರು, ಹುಟ್ಟು ಕಿವುಡುತನ ಮತ್ತು ದೀರ್ಘ ಕ್ಯೂಟಿ ಎರಡೂ ಇದ್ದ ಒಂದೇ ಕುಟುಂಬದ ನಾಲ್ವರು ಮಕ್ಕಳ ವಿಷಯ ವರದಿ ಮಾಡಿದರು. ಅವರಲ್ಲಿ ಮೂವರು ಹಠಾತ್ತನೆ ತೀರಿಕೊಂಡಿದ್ದರು. ಹೃದಯದಲ್ಲಿರುವ ಪೊಟ್ಯಾಸಿಯಂ ದ್ವಾರವೇ ಒಳಕಿವಿಯಲ್ಲಿಯೂ ಇರುವುದು ಇದಕ್ಕೆ ಕಾರಣ. ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ಜೀನು ಬಂದಾಗ ಮಾತ್ರ ಈ ಬಗೆಯ ದೋಷ ಪ್ರಕಟವಾಗುತ್ತದೆ. ಆದುದರಿಂದ ಸೋದರಮಾವ, ಅತ್ತೆಯ ಮಗ ಮುಂತಾದ ಹತ್ತಿರದ ಸಂಬಂಧದಲ್ಲಿ ಮದುವೆಯಾಗುವ ರೂಢಿಯಿರುವ ದಕ್ಷಿಣ ಭಾರತದ ಕುಟುಂಬಗಳು ಇದನ್ನು ತಿಳಿದಿರುವುದು ಒಳ್ಳೆಯದು. ಹುಟ್ಟು ಕಿವುಡುತನವಿರುವ ಪ್ರತಿ ಮಗುವಿಗೂ ಒಮ್ಮೆ ಇ.ಸಿ.ಜಿ. ತೆಗೆಸಬೇಕು. ಆ ಮಗು ಆಟದ ನಡುವೆ ಪ್ರಜ್ಞೆ ತಪ್ಪಿದ್ದರಂತೂ ತಡ ಮಾಡಲೇಬಾರದು.

ಉಗ್ರಾಣದ ಸೋರಿಕೆ

ಜೀವಕೋಶದ ಕ್ಯಾಲ್ಸಿಯಂ ಉಗ್ರಾಣಕ್ಕೂ ಒಂದು ದ್ವಾರವಿದೆ. ಅದು ಹೊತ್ತಲ್ಲದ ಹೊತ್ತಿನಲ್ಲಿ ಸೋರಿದರೆ ಮಿಡಿತ ಮುಗಿದ ಬಳಿಕ ಮರುಕಂಪನ ಉಂಟಾಗುತ್ತದೆ. ಈ ದ್ವಾರದ ಜೀನಿನಲ್ಲಿನ ದೋಷವು ಒಂದು ಆನುವಂಶಿಕ ಲಯದೋಷಕ್ಕೆ ಕಾರಣವೆಂದು 2001ರಲ್ಲಿ ತಿಳಿದುಬಂತು. ಇದು ಹೆಚ್ಚಾಗಿ ಮಕ್ಕಳಲ್ಲಿ, ಓಟ ಅಥವಾ ಭಾವೋದ್ವೇಗದ ಸಮಯದಲ್ಲಿ ಪ್ರಕಟವಾಗುತ್ತದೆ. ಮಲಗಿದ್ದಾಗ ತೆಗೆದ ಇ.ಸಿ.ಜಿ. ಸಹಜವಾಗಿಯೇ ಇರುವುದರಿಂದ, ನಡೆಯುವ ಪಟ್ಟಿಯ ಮೇಲೆ ಓಡಿಸಿ ಮಾಡುವ ಟ್ರೆಡ್‌ಮಿಲ್ ಪರೀಕ್ಷೆ ಅಗತ್ಯ.

ಇಲ್ಲಿ ಫ್ಲೆಕೈನೈಡ್ ಮತ್ತೆ ಎದುರಾಗುತ್ತದೆ. ಬೀಟಾ ತಡೆಗಳಿಂದ ಪೂರ್ಣ ರಕ್ಷಣೆ ದೊರೆಯದ ಈ ರೋಗಿಗಳಲ್ಲಿ ಫ್ಲೆಕೈನೈಡ್ ಪರಿಣಾಮಕಾರಿಯೆಂದು 2009ರಲ್ಲಿ ವರದಿಯಾಯಿತು. ಇಂದು ಅದು ಮಾನ್ಯವಾದ ಚಿಕಿತ್ಸೆ. ಈ ಮಕ್ಕಳ ಹೃದಯದಲ್ಲಿ ಕಲೆಯಿಲ್ಲ, ಸುತ್ತಲು ದಾರಿಯಿಲ್ಲ. ಇರುವುದು ಮರುಕಂಪನ ಮಾತ್ರ. ಅದು ಪೂರ್ಣ ಮಿಡಿತವಾಗಿ ಬೆಳೆಯದಂತೆ ಔಷಧವು ತಡೆಯುತ್ತದೆ. ಅಂದು ಹೃದಯಾಘಾತವಾದವರ ಸಾವನ್ನು ಹೆಚ್ಚಿಸಿದ ಔಷಧವೇ ಇಂದು ಮಕ್ಕಳನ್ನು ಉಳಿಸುತ್ತಿದೆ.

ಕ್ಯಾಲ್ಸಿಯಂ ತುಂಬಿ ತುಳುಕುವ ಇನ್ನೊಂದು ಪ್ರಸಂಗ ನಮಗೆ ಪರಿಚಿತವಾದ ಗಿಡದಿಂದ ಬರುತ್ತದೆ. ಹೃದಯದ ಔಷಧವಾದ ಡಿಜಾಕ್ಸಿನ್, ಜೀವಕೋಶದಿಂದ ಸೋಡಿಯಂ ಹೊರಹಾಕುವ ಪಂಪನ್ನು ತಡೆಯುವ ಮೂಲಕ ಒಳಗಿನ ಕ್ಯಾಲ್ಸಿಯಂ ಹೆಚ್ಚಿಸುತ್ತದೆ. ಅದೇ ಜಾತಿಯ ವಿಷ ಹಳದಿ ಕಣಗಿಲೆಯಲ್ಲಿದೆ. ಈ ವಿಷಕ್ಕೆ ಡಿಜಾಕ್ಸಿನ್ ವಿರುದ್ಧ ತಯಾರಿಸಿದ ಪ್ರತಿಕಾಯಗಳು ಪರಿಣಾಮಕಾರಿಯೆಂಬುದು ಶ್ರೀಲಂಕಾದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಿಂದ ದೃಢಪಟ್ಟಿತು. ಅಂಗಳದ ಈ ಗಿಡದ ಯಾವುದೇ ಭಾಗ ಮಗುವಿನ ಹೊಟ್ಟೆಗೆ ಹೋದರೆ, ಮಗು ಚೆನ್ನಾಗಿಯೇ ಕಂಡರೂ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಔಷಧದಿಂದ ಬರುವ ಲಯದೋಷ

ಹುಟ್ಟಿನಿಂದ ಸರಿಯಾಗಿರುವ ಪೊಟ್ಯಾಸಿಯಂ ದ್ವಾರವನ್ನೂ ಕೆಲವು ಔಷಧಗಳು ಮುಚ್ಚಬಲ್ಲವು. ಅಲರ್ಜಿಗೆ ಬಳಸುತ್ತಿದ್ದ ಟರ್ಫೆನಡಿನ್ ಗುಳಿಗೆಯನ್ನು ಇದೇ ಕಾರಣಕ್ಕಾಗಿ 1998ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಅದನ್ನು ಒಂಟಿಯಾಗಿ ಸೇವಿಸಿದವರಿಗೆ ಸಾಮಾನ್ಯವಾಗಿ ತೊಂದರೆಯಾಗುತ್ತಿರಲಿಲ್ಲ. ಜೊತೆಗೆ ಎರಿತ್ರೋಮೈಸಿನ್ ಅಥವಾ ಕೀಟೊಕೊನಜೋಲ್ ಸೇವಿಸಿದಾಗ ಯಕೃತ್ತು ಅದನ್ನು ಕರಗಿಸಲಾರದೆ ರಕ್ತದಲ್ಲಿ ಅದರ ಪ್ರಮಾಣ ಏರುತ್ತಿತ್ತು. ಜಠರದ ತೊಂದರೆಗೆ ನೀಡುತ್ತಿದ್ದ ಸಿಸಾಪ್ರೈಡ್ ಔಷಧವನ್ನು ಇಂತಹದೇ ಅಪಾಯದ ಕಾರಣ ಭಾರತದಲ್ಲಿ 2011ರಲ್ಲಿ ನಿಷೇಧಿಸಲಾಯಿತು. ವಾಂತಿಭೇದಿಯಿಂದ ಪೊಟ್ಯಾಸಿಯಂ ಕಳೆದುಕೊಂಡವರಿಗೆ ಇಂತಹ ಅಪಾಯ ಮತ್ತೂ ಹೆಚ್ಚು. ಔಷಧದಂಗಡಿಯಿಂದ ನೇರವಾಗಿ ಗುಳಿಗೆ ಕೊಂಡು ಸೇವಿಸುವ ಅಭ್ಯಾಸವನ್ನು ಬಿಡಬೇಕೆನ್ನುವುದು ಈ ಕಾರಣದಿಂದ.

ಓದುಗರು ಮಾಡಬಹುದಾದುದು

ಯಾವ ದ್ವಾರ ಕೆಟ್ಟಿದೆ ಎಂಬುದನ್ನು ಪತ್ತೆ ಮಾಡುವುದು ವೈದ್ಯರ ಕೆಲಸ. ಅದಕ್ಕೆ ಬೇಕಾದ ಸುಳಿವುಗಳು ಬಹುಪಾಲು ರೋಗಿ ಮತ್ತು ಆತನ ಮನೆಯವರ ಬಳಿಯಲ್ಲಿರುತ್ತವೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದ ಕನ್ನಡಿಗರ ವಿಷಯದಲ್ಲಿ ಈ ಸುಳಿವುಗಳು ಎಷ್ಟೋ ವೇಳೆ ಊರಿನಲ್ಲಿ ಉಳಿದುಬಿಟ್ಟಿರುತ್ತವೆ. ಬಾವಿಯಲ್ಲಿ ಈಜಲು ಹೋಗಿ ತೀರಿಕೊಂಡ ಚಿಕ್ಕಪ್ಪ, ನಿದ್ರೆಯಲ್ಲಿಯೇ ಪ್ರಾಣ ಬಿಟ್ಟ ಎಳೆಯ ಅತ್ತೆ, ಮೂರ್ಛೆರೋಗವೆಂದು ವರ್ಷಗಟ್ಟಲೆ ಔಷಧ ತೆಗೆದುಕೊಂಡ ಸೋದರಸಂಬಂಧಿ ಇವರ ಸಂಗತಿ ನಗರದಲ್ಲಿ ಬೆಳೆದ ಮಕ್ಕಳಿಗೆ ತಿಳಿದಿರುವುದಿಲ್ಲ. ಅಂತಹ ಪ್ರತಿಯೊಂದು ಸಾವಿಗೂ ಹೃದಯವೇ ಕಾರಣವೆಂದಲ್ಲ. ಆದರೂ ಮುಂದಿನ ಬಾರಿ ಊರಿಗೆ ಹೋದಾಗ ಹಿರಿಯರನ್ನು ವಿಚಾರಿಸಿ ಬರೆದಿಟ್ಟುಕೊಂಡರೆ, ಅದು ವೈದ್ಯರಿಗೆ ಬೆಲೆಯುಳ್ಳ ದಾಖಲೆಯಾಗುತ್ತದೆ.

ನೆನಪಿಡಬೇಕಾದ ಅಂಶಗಳು

1. ಪ್ರಜ್ಞೆ ತಪ್ಪಿದಾಗ ರೋಗಿ ಏನು ಮಾಡುತ್ತಿದ್ದರು ಎಂಬುದನ್ನು ವೈದ್ಯರಿಗೆ ತಿಳಿಸಬೇಕು: ಓಟವೇ, ಈಜೇ, ಹಠಾತ್ ಸದ್ದೇ, ನಿದ್ರೆಯೇ?

2. ಎದೆಬಡಿತವು ಗುಂಡಿ ಒತ್ತಿದಂತೆ ಒಮ್ಮೆಲೇ ಆರಂಭವಾಗಿ ಒಮ್ಮೆಲೇ ನಿಂತಿತೇ, ಅಥವಾ ಕ್ರಮೇಣ ಏರಿ ಇಳಿಯಿತೇ ಎಂಬುದನ್ನು ಗಮನಿಸಬೇಕು. ಒಮ್ಮೆಲೇ ಆರಂಭವಾಗುವುದು ಸುತ್ತುವ ವಿದ್ಯುತ್ತಿನ ಲಕ್ಷಣ.

3. ತೊಂದರೆಯ ಗಳಿಗೆಯಲ್ಲಿ ತೆಗೆದ ಇ.ಸಿ.ಜಿ. ಅತ್ಯಮೂಲ್ಯ. ಅದರ ಪ್ರತಿಯನ್ನು ಜೋಪಾನವಾಗಿಟ್ಟು, ಊರು ಬದಲಾಯಿಸಿದಾಗ ಜೊತೆಯಲ್ಲಿ ಒಯ್ಯಬೇಕು.

4. ಹತ್ತಿರದ ಸಂಬಂಧಿಕರಲ್ಲಿ 40 ವರ್ಷದೊಳಗೆ ಕಾರಣ ತಿಳಿಯದ ಹಠಾತ್ ಸಾವು ಸಂಭವಿಸಿದ್ದರೆ ಮನೆಯ ಉಳಿದವರು ಹೃದಯ ಪರೀಕ್ಷೆ ಮಾಡಿಸಿಕೊಳ್ಳಬೇಕು.

5. ಲಯದೋಷದ ಔಷಧವನ್ನು ತಾವಾಗಿ ನಿಲ್ಲಿಸಬಾರದು, ಹೆಚ್ಚಿಸಬಾರದು, ಇನ್ನೊಬ್ಬರಿಗೆ ಕೊಡಬಾರದು. ಬೇರೆ ಕಾಯಿಲೆಗೆ ಹೊಸ ಔಷಧ ಬರೆಸಿಕೊಳ್ಳುವಾಗ ಇದನ್ನು ತಪ್ಪದೆ ತಿಳಿಸಬೇಕು.

6. ಎದುರಿಗಿದ್ದವರು ಕುಸಿದು ಬಿದ್ದು, ಕರೆದರೆ ಓಗೊಡದೆ, ಸಹಜವಾಗಿ ಉಸಿರಾಡದೆ ಇದ್ದರೆ 112ಕ್ಕೆ ಅಥವಾ 108 ಆಂಬುಲೆನ್ಸ್ ಸೇವೆ ಇರುವ ರಾಜ್ಯಗಳಲ್ಲಿ ಆ ಸಂಖ್ಯೆಗೆ ಕರೆ ಮಾಡಬೇಕು. ಆಂಬುಲೆನ್ಸ್ ಬರುವವರೆಗೆ ಎದೆಯ ನಡುವೆ ಎರಡೂ ಕೈಗಳಿಂದ ನಿಮಿಷಕ್ಕೆ 100ರಿಂದ 120 ಬಾರಿ, ವಯಸ್ಕರಿಗೆ ಸುಮಾರು 5 ಸೆಂಟಿಮೀಟರ್ ಆಳಕ್ಕೆ, ಬಿಡದೆ ಒತ್ತುತ್ತಿರಬೇಕು. ಈ ಹಂತದಲ್ಲಿ ಲಯದೋಷದ ಕಾರಣ ಯಾವುದೇ ಇರಲಿ, ಮೊದಲು ಮಾಡಬೇಕಾದ ಕೆಲಸ ಇದೊಂದೇ.